ಅಪ್ಪನ ಕಲ್ಚರ್ ರಿಪೋರ್ಟ್‌ನ್ಯಾಗ ಸಾಲಾಗಿ ಬರೇ ಆರ್ ಬಂದೇತಿ, ಹಂಗಂದ್ರ ಏನ್ರಿ?

ಉಣಕಲ್ ಮಗ:
ಎಲ್ಲಾರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರಿಯಾಕತ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಪ್ಪಗ 68, ಶುಗರ್ ಬಂದು ಹದಿನೈದ ವರ್ಷ ಆತು. ಬಚ್ಚಲದಾಗ ಜಾರಿ ಬಿದ್ದು ತೊಡಿ ಸಂದಿನ ಎಲಬು ಮುರೀತು, ಹುಬ್ಬಳ್ಳ್ಯಾಗ ಒಂದು ದವಾಖಾನ್ಯಾಗ ಆಪರೇಶನ್ ಮಾಡಿಸಿದ್ವಿ. ಆಪರೇಶನ್ ಚಲೋನ ಆತು. ಆದ್ರ ಏಳನೇ ದಿನ ರಾತ್ರಿ ಗಡಗಡ ನಡುಗಿ ಉರಿ ಬಂತು ನೋಡ್ರಿ, ಎರಡು ರಗ್ಗು ಹೊಚ್ಚಿದ್ರೂ ನಡುಗ ನಿಂದ್ರಲಿಲ್ಲ. ಅಷ್ಟೊತ್ತಿಗೆ ಸೆಫ್ಟ್ರಿಯಾಕ್ಸೋನ್ ಅನ್ನೋ ಆ್ಯಂಟಿಬಯೋಟಿಕ್ ನಡದಿತ್ತು, ಅದನ್ನ ಬಿಟ್ಟು ಪಿಪ್‌ಟಾಜ್ ಅನ್ನೋ ಇನ್ನೊಂದು ಹಚ್ಚಿದ್ರು, ಉಚ್ಚಿ ಮತ್ತ ರಕ್ತ ಕಲ್ಚರಿಗೆ, ಅಂದ್ರ ಕ್ರಿಮಿ ಬೆಳಸಿ ನೋಡೂ ಟೆಸ್ಟಿಗೆ ಕಳಿಸಿದ್ರು. ಉಚ್ಚಿ ಪೈಪ್ ಹಾಕಿದ್ದು ಆಪರೇಶನ್ ದಿನದಿಂದ ಹಂಗ ಐತಿ.

ಇವತ್ತ ಉಚ್ಚಿ ರಿಪೋರ್ಟ್ ಬಂತು. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಅಂತ ಕ್ರಿಮಿ ಹೆಸರು, ಒಂದ ಮಿಲಿ ಉಚ್ಚಿನ್ಯಾಗ ಒಂದ ಲಕ್ಷಕ್ಕಿಂತ ಜಾಸ್ತಿ ಅಂತ ಬರದಾರ. ಕೆಳಗ ಔಷಧದ ಪಟ್ಟಿ, ಅದರ ಮುಂದ ಆರ್ ಆರ್ ಆರ್ ಆರ್. ಮೆರೊಪೆನೆಮ್‌ಗೂ ಆರ್, ಅಮಿಕಾಸಿನ್‌ಗೂ ಆರ್. ಕೊಲಿಸ್ಟಿನ್ ಮುಂದ ಒಂದ ಐ ಐತಿ. ಎಸ್ ಅನ್ನೋದ ಒಂದೂ ಇಲ್ಲ. ಡಾಕ್ಟರು ಸ್ಟ್ರಾಂಗ್ ಬಗ್ ಐತಿ, ನಾಳೆ ಮಾತಾಡೂಣು ಅಂದು ಹೋದ್ರು. ನಮ್ಮ ಕಾಕಾ ಅಂತಾನ, ನಿಮ್ಮ ಅಪ್ಪ ಸಣ್ಣ ಜ್ವರಕ್ಕೂ ಗುಳಗಿ ತಿಂದು ತಿಂದು ಮೈ ರೂಢಿ ಆಗೇತಿ, ಅದಕ್ಕ ಔಷಧ ಹತ್ತವಲ್ದು ಅಂತ. ನಿದ್ದಿ ಬರವಲ್ದು, ಯಾರಿಗರ ಗೊತ್ತಿದ್ರ ಹೇಳ್ರಿ.

ಪ್ಲೇಟ್ ನೋಡಾಂವ:
ಉಣಕಲ್ ಅಣ್ಣಾರ, ನಾ ಧಾರವಾಡದಾಗ ಮೈಕ್ರೋಬಯಾಲಜಿ ಲ್ಯಾಬ್ ಕೆಲಸಾ ಮಾಡ್ತೀನಿ, ಡಾಕ್ಟರ್ ಅಲ್ಲ, ಟ್ರೀಟ್‌ಮೆಂಟ್ ಹೇಳೂದಿಲ್ಲ. ರಿಪೋರ್ಟ್ ಓದೂದು ಮಾತ್ರ ಹೇಳ್ತೀನಿ. ಆರ್ ಅಂದ್ರ ರೆಸಿಸ್ಟಂಟ್, ಆ ಔಷಧಕ್ಕ ಕ್ರಿಮಿ ಜಗ್ಗೂದಿಲ್ಲ. ಎಸ್ ಅಂದ್ರ ಔಷಧ ಕೆಲಸ ಮಾಡ್ತದ. ಐ ಅಂದ್ರ ಎರಡರ ನಡುವಿಂದು.

ಮೊದಲ ನಿಮ್ಮ ಕಾಕಾ ಹೇಳಿದ್ದು. ಮೈ ರೂಢಿ ಆಗೂದಿಲ್ರಿ. ರೂಢಿ ಆಗೂದು ರೋಗದ ಕ್ರಿಮಿಗೆ. ನಿಮ್ಮ ಅಪ್ಪಾರ ಮೈಯಾಗಿಂದ ಅದನ್ನ ತಗದು ನನ್ನ ಪ್ಲೇಟ್ ಮ್ಯಾಲೆ ಬೆಳಸಿದ್ರೂ ಅದು ಹಂಗ ಮಾಡ್ತದ, ಅಲ್ಲಿ ಅಪ್ಪಾರ ಇರೂದಿಲ್ಲಲಾ. ಇದ ಕ್ರಿಮಿ ನಾಳೆ ಗುಳಗೀನ ತಿನ್ನದಿದ್ದ ಇಪ್ಪತ್ತ ವರ್ಷದ ಹುಡುಗನ ಮೈಗೆ ಹೋದ್ರ ಅವಗೂ ಮೆರೊಪೆನೆಮ್ ಕೆಲಸ ಮಾಡೂದಿಲ್ಲ. ಇದು ಮಂದಿಗೆ ತಿಳಿಸಿ ಹೇಳೂದ ದೊಡ್ಡ ತ್ರಾಸ.

ನಾವು ಮಾಡೂದು ಹಿಂಗ. ಉಚ್ಚಿ ಬಂದ ದಿನ ಪ್ಲೇಟಿಗೆ ಎಳೀತೀವಿ, ಮರುದಿನ ಗ್ರೋತ್ ನೋಡ್ತೀವಿ, ಕ್ಲೆಬ್ಸಿಯೆಲ್ಲಾ ಇದ್ರ ಮ್ಯಾಕಾಂಕಿ ಪ್ಲೇಟ್ ಮ್ಯಾಲೆ ಗುಲಾಬಿ ಬಣ್ಣದ್ದು, ಲೋಳಿ ಲೋಳಿ, ಲೂಪ್ ಹಚ್ಚಿ ಎತ್ತಿದ್ರ ಎಳಿ ಬರ್ತದ, ಬೆಲ್ಲದ ಪಾಕ ನೋಡಿದಂಗ. ಆಮ್ಯಾಲೆ ಅದನ್ನ ಇನ್ನೊಂದು ಪ್ಲೇಟಿಗೆ ಒಂದ ಸಮಾ ಹಚ್ಚಿ, ಮ್ಯಾಲೆ ಔಷಧದ ಸಣ್ಣ ಸಣ್ಣ ಕಾಗದದ ಬಿಲ್ಲಿ ಇಡ್ತೀವಿ, ಡಿಸ್ಕ್ ಅಂತಾರ. ರಾತ್ರಿಯೆಲ್ಲಾ ಇನ್‌ಕ್ಯುಬೇಟರ್‌ನ್ಯಾಗ ಇಟ್ಟು ಬೆಳಿಗ್ಗೆ ತಗದ್ರ, ಔಷಧ ಕೆಲಸ ಮಾಡಿದ್ರ ಡಿಸ್ಕ್ ಸುತ್ತ ಖಾಲಿ ಗೋಲ್ ಬಿದ್ದಿರ್ತದ. ಸ್ಕೇಲ್ ಹಿಡಿದು ಅಳೀತೀವಿ. ಮೆರೊಪೆನೆಮ್ ಇದ್ರ 23 ಮಿಲಿಮೀಟರ್ ಅಥವಾ ಜಾಸ್ತಿಗೆ ಎಸ್, 19 ಅಥವಾ ಕಮ್ಮಿಗೆ ಆರ್. ನಿಮ್ಮ ಅಪ್ಪಾರ ಕ್ರಿಮಿ ಡಿಸ್ಕಿನ ಅಂಚಿನ ತನಕಾ ಬೆಳದಿರಬೇಕು. ದೊಡ್ಡ ಲ್ಯಾಬ್‌ನ್ಯಾಗ ಈಗ ಮಷೀನ್ ಮಾಡ್ತದ, ಲೆಕ್ಕ ಮಾತ್ರ ಅದ ಜಾತಿದು.

ಇನ್ನೊಂದು, ಪಟ್ಟಿ ಉದ್ದ ಅದ ಅಂತ ಹೆದರಬ್ಯಾಡ್ರಿ. ಆ್ಯಂಪಿಸಿಲಿನ್‌ಗೆ ಕ್ಲೆಬ್ಸಿಯೆಲ್ಲಾ ಹುಟ್ಟಾ ಆರ್, ಜಗತ್ತಿನ್ಯಾಗ ಯಾವ ಊರಿಗೆ ಹೋದ್ರೂ ಆರ್. ಮತ್ತ ಕೊಲಿಸ್ಟಿನ್ ಮುಂದಿನ ಐ ಅದಲಾ, ಅದು ಅರ್ಧಾ ಫೇಲ್ ಅಂತಲ್ಲ. ನಾವು ಫಾಲೋ ಮಾಡೂ ಅಮೇರಿಕಾದ ಪುಸ್ತಕದಾಗ 2020ರಿಂದ ಈ ಜಾತಿ ಕ್ರಿಮಿಗೆ ಕೊಲಿಸ್ಟಿನ್‌ಗೆ ಎಸ್ ಅನ್ನೋ ಖಾನೇನ ತಗದಾರ. ಐ ಇಲ್ಲಾ ಆರ್, ಎರಡ. ಅಂದ್ರ ಅದ್ರಾಗ ಸಿಗೂ ಚಲೋ ಮಾರ್ಕ್ಸ್ ಅಂದ್ರನ ಐ.

ಖರೇ ಮಾತು:
ಇದೆಲ್ಲಾ ದವಾಖಾನಿ ಬಿಸಿನೆಸ್. ಆರ್ ಆರ್ ಅಂತ ಬರದು ದೊಡ್ಡ ದೊಡ್ಡ ಇಂಜಕ್ಷನ್ ಮಾರೂದು. ನಮ್ಮ ಅಜ್ಜಗ ಯಾವ ಕಲ್ಚರ್ ಮಾಡಿದ್ರು? 92 ವರ್ಷ ಬಾಳಿದ.

ಪ್ಲೇಟ್ ನೋಡಾಂವ:
ನಿಮ್ಮ ಅಜ್ಜನ ಜೋಡಿ ಹುಟ್ಟಿದವ್ರು ಎಷ್ಟ ಮಂದಿ, ಉಳದವ್ರು ಎಷ್ಟ ಮಂದಿ, ಅದನ್ನೂ ಒಮ್ಮೆ ಮನ್ಯಾಗ ಕೇಳ್ರಿ ಸರ.

ಸಪ್ತಾಪುರ ಪೀಜಿ:
ಖರೇ ಮಾತು ಅವರ ಸಿಟ್ಟು ಪೂರ್ತಿ ಸುಳ್ಳೇನಲ್ಲ, ಖರ್ಚು ಖರೇನ ಅದ. ಆದ್ರ ಆರ್ ಬರದ್ರ ಲಾಭ ಅನ್ನೋದು ತಪ್ಪು. ನಾ ಮೆಡಿಸಿನ್ ಪೀಜಿ ಮಾಡಾಕತ್ತೀನಿ, ವಾರ್ಡಿನ್ಯಾಗ ಇಂಥಾ ರಿಪೋರ್ಟ್ ಬಂದ ದಿನ ನಮ್ಮ ಮಾರಿ ನೋಡಬೇಕು ನೀವು. ಕೊಲಿಸ್ಟಿನ್ 1940ರ ದಶಕದ ಔಷಧ, ಕಿಡ್ನಿಗೆ ತ್ರಾಸ ಕೊಡ್ತದ ಅಂತ ಮೂಲ್ಯಾಗ ಒಗದಿದ್ರು, ಈಗ ಬ್ಯಾರೆ ಏನೂ ಉಳೀಲಿಲ್ಲ ಅಂತ ಧೂಳ ಝಾಡಿಸಿ ವಾಪಸ್ ತಂದಾರ. ಶುಗರ್ ಇದ್ದವರಿಗೆ ಕಿಡ್ನಿ ಮೊದಲ ವೀಕ್ ಇರಬಹುದು, ಹಂಗಾಗಿ ದಿನಾ ಕ್ರಿಯಾಟಿನಿನ್ (ಕಿಡ್ನಿ ಹೆಂಗ ಕೆಲಸ ಮಾಡಾಕತ್ತಾವ ಅಂತ ತೋರಸೂ ರಕ್ತದ ಟೆಸ್ಟ್, ಏರಿದ್ರ ಕಿಡ್ನಿಗೆ ತ್ರಾಸ) ನೋಡಬೇಕಾಗ್ತದ. ಯಾರೂ ಖುಷಿಲೆ ಕೊಡೂದಿಲ್ಲ.

ಮೆರೊಪೆನೆಮ್ ಯಾಕ ಕೆಲಸ ಮಾಡವಲ್ದು ಅಂದ್ರ, ಇಂಥಾ ಕ್ರಿಮಿ ಹೆಚ್ಚಾಗಿ ಒಂದು ಎಂಜೈಮ್ ತಯಾರ ಮಾಡ್ತಾವ, ಔಷಧ ಹತ್ರ ಬರೂದ್ರಾಗ ಕತ್ತರಿಸಿ ಒಗೀತಾವ. ನಮ್ಮ ದೇಶದಾಗ ಜಾಸ್ತಿ ಹೆಸರಾದದ್ದು ಎನ್‌ಡಿಎಂ. ಎನ್‌ಡಿ ಅಂದ್ರ ನ್ಯೂ ಡೆಲ್ಲಿ. 2008ರಾಗ ಡೆಲ್ಲಿ ದವಾಖಾನ್ಯಾಗ ಇದ್ದು ಸ್ವೀಡನ್‌ಗೆ ಹೋದ ಪೇಶಂಟ್ ಒಬ್ಬರ ಉಚ್ಚಿಯೊಳಗಿನ ಕ್ಲೆಬ್ಸಿಯೆಲ್ಲಾದಾಗ ಅದು ಸಿಕ್ತು, ಅದಕ್ಕ ಆ ಹೆಸರಿಟ್ರು, ನಮ್ಮವರು ಊರ ಹೆಸರು ಯಾಕ ಅಂತ ಜಗಳಾ ತಗದ್ರು. ಆ ಜಗಳದಾಗ ಕ್ರಿಮಿ ತನ್ನ ಪಾಡಿಗೆ ತಾ ಬೆಳೀತು.

ಖರೇ ಹೆದರಿಕಿ ಇರೂದು ಇಲ್ಲಿ: ಆ ಎಂಜೈಮ್ ಮಾಡೂ ಜೀನ್ ಪ್ಲಾಸ್ಮಿಡ್ ಅನ್ನೋ ಸಣ್ಣ ಬಳಿ ಮ್ಯಾಲೆ ಇರ್ತದ, ಒಂದು ಕ್ರಿಮಿ ಬಾಜೂಕಿದ್ದ ಇನ್ನೊಂದು ಕ್ರಿಮಿಗೆ ಅದನ್ನ ದಾಟಸ್ತದ. ಜಾತಿ ಬ್ಯಾರೆ ಇದ್ರೂ ಕೊಡ್ತದ. ಮಕ್ಕಳಿಗೆ ಅಷ್ಟ ಅಲ್ಲ, ಓಣಿ ಮಂದಿಗೂ ಆಸ್ತಿ ಬರದು ಕೊಟ್ಟಂಗ. ಒಂದ ಪ್ಲಾಸ್ಮಿಡ್ ಮ್ಯಾಲೆ ನಾಕೈದು ಔಷಧದ ವಿರುದ್ಧದ ಜೀನ್ ಕೂಡೇ ಇರ್ತಾವ, ಅದಕ್ಕ ನಿಮ್ಮ ರಿಪೋರ್ಟಿನ್ಯಾಗ ಮೆರೊಪೆನೆಮ್ ಜೋಡಿ ಅಮಿಕಾಸಿನ್ ಸೈತ ಹೋಗೇತಿ.

ಉಣಕಲ್ ಅಣ್ಣಾರ, ನಾಳೆ ಡಾಕ್ಟರಿಗೆ ಎರಡು ಕೇಳ್ರಿ. ರಕ್ತದ ಕಲ್ಚರ್ ಏನಾತು? ಪೈಪ್ ಇನ್ನೂ ಬೇಕೇನ? ಪೈಪ್ ಒಳಗ ಕ್ರಿಮಿ ಪಾಚಿ ಕಟ್ಟಿದಂಗ ಪದರ ಕಟ್ಟಿ ಕೂಡ್ತಾವ, ಹತ್ತ ದಿನದ ಪೈಪಿಂದ ಉಚ್ಚಿ ತಗದ್ರ ಏನರ ಬೆಳೀತದ. ಪೇಶಂಟಿಗೆ ರೋಗ ಇದ್ದಾಗೂ ಬೆಳೀತದ, ಇಲ್ಲದಿದ್ದಾಗೂ ಬೆಳೀತದ.

ಉಣಕಲ್ ಮಗ:
ದೊಡ್ಡ ಉಪಕಾರ ಆತ್ರಿ. ಕಾಕಾಗ ಓದಿ ಹೇಳಿದೆ, ಹೂಂ ಅಂದ, ಒಪ್ಪಿಲ್ಲ. ಆದ್ರ ಆ ಪೈಪಿನ್ಯಾಗಿನ ಕ್ರಿಮಿ ಬಂದಿದ್ದೆಲ್ಲಿಂದ? ಮನ್ಯಾಗ ಬಿದ್ದಾಗ ಅಪ್ಪಗ ಜ್ವರ ಇರಲಿಲ್ಲ.

ನೈಟ್ ಡ್ಯೂಟಿ ಅಕ್ಕ:
ಕೈಯಿಂದ. ಮತ್ತೆಲ್ಲಿಂದ ಬರ್ತೈತಿ ತಮ್ಮಾ.

ನಾ ಸ್ಟಾಫ್ ನರ್ಸ್, ಹನ್ನೊಂದ ವರ್ಷ ಆತು, ಅದ್ರಾಗ ಆರ ವರ್ಷ ಐಸಿಯು. ಯಾವ ದವಾಖಾನಿ ಅಂತ ಕೇಳಬ್ಯಾಡ್ರಿ. ಪುಸ್ತಕದಾಗ ಒಂದ ಪೇಶಂಟ್ ಮುಟ್ಟಿ ಇನ್ನೊಂದ ಪೇಶಂಟ್ ಮುಟ್ಟೂಕಿಂತ ಮೊದಲ ಹ್ಯಾಂಡ್ ರಬ್ ಹಚ್ಚಬೇಕು, 20 ರಿಂದ 30 ಸೆಕೆಂಡ್ ತಿಕ್ಕಬೇಕು ಅಂತ ಐತಿ. ರಾತ್ರಿ ಒಬ್ಬಾಕಿಗೆ ಹದಿನಾರು ಬೆಡ್ ಕೊಟ್ರ ಲೆಕ್ಕಾ ಹಾಕ್ರಿ, ಬರೇ ಕೈ ತಿಕ್ಕೂದ್ರಾಗ ಎಷ್ಟೊತ್ತು ಹೋಗ್ತೈತಿ. ಆದ್ರೂ ತಿಕ್ಕತೀವಿ. ತಿಕ್ಕದವರೂ ಅದಾರ, ಗ್ಲೌಸ್ ಹಾಕ್ಕೊಂಡು ಅದ ಗ್ಲೌಸ್‌ಲೇ ನಾಕ ಪೇಶಂಟ್ ಮುಟ್ಟಿ, ಫೈಲ್ ಹಿಡದು, ಮೊಬೈಲ್ ನೋಡೂ ದೊಡ್ಡ ದೊಡ್ಡ ಮಂದಿನೂ ಅದಾರ. ಹಂಗ ಬದಲಿ ಮಾಡದ ಗ್ಲೌಸ್ ಕಾಪಾಡೂದು ಹಾಕ್ಕೊಂಡವರನ್ನ, ಪೇಶಂಟನ್ನಲ್ಲ.

ನಾ ಕಣ್ಣಾರೆ ಕಂಡಿದ್ದು ಒಂದು ಹೇಳ್ತೀನಿ. ಉಚ್ಚಿ ಚೀಲ ಖಾಲಿ ಮಾಡಾಕ ವಾರ್ಡಿಗೆ ಒಂದ ಪ್ಲಾಸ್ಟಿಕ್ ಮಗ್ಗ. ಅದ ಮಗ್ಗ ಒಂದನೇ ಬೆಡ್, ಎರಡನೇ ಬೆಡ್, ಮೂರನೇ ಬೆಡ್. ಚೀಲದ ನಳ ಮಗ್ಗಿನ ಅಂಚಿಗೆ ತಾಗ್ತೈತಿ. ಮುಗೀತು, ಮೂರೂ ಬೆಡ್ಡಿನ ಕ್ರಿಮಿ ಬೀಗರಾದ್ವು. ನಾ ಜಗಳಾ ತಗದು ಬೆಡ್ಡಿಗೊಂದು ಮಗ್ಗ ತರಿಸಿದೆ, ನಂಬರ್ ಬರದು ಅಂಟಿಸಿದೆ, ಖರ್ಚೇನು ಭಾಳ ಆಗಲಿಲ್ಲ.

ಇನ್ನ ನೀವು, ಮಾತಾಡ್ಸಾಕ ಬರೂ ಮಂದಿ. ಮೋಸಂಬಿ ಚೀಲ ಹಿಡಕೊಂಡು ಎಂಟ ಮಂದಿ ಒಮ್ಮೆಲೆ ಬರ್ತೀರಿ, ಪೇಶಂಟ್ ಹಾಸಿಗಿ ಮ್ಯಾಲೆ ಕೂಡ್ತೀರಿ, ಗಾಯದ ಪಟ್ಟಿ ಮುಟ್ಟಿ ನೋಡ್ತೀರಿ, ಹಂಗ ಬಾಜೂ ಬೆಡ್ಡಿನವರು ನಮ್ಮ ಊರಿನವರಂತ ಅವರ ಕೈನೂ ಹಿಡದು ಮಾತಾಡಿ ಹೋಗ್ತೀರಿ. ಅಸಿನೆಟೋಬ್ಯಾಕ್ಟರ್ ಅಂತ ಒಂದ ಕ್ರಿಮಿ ಐತಿ, ಬೆಡ್ಡಿನ ಕಬ್ಬಣದ ಸರಳಿನ ಮ್ಯಾಲೆ ಒಣಗಿ ವಾರಗಟ್ಲೆ ಜೀವ ಹಿಡಕೊಂಡಿರ್ತೈತಿ. ಉಚ್ಚಿ ಚೀಲ ನೆಲಕ್ಕ ತಾಗಬಾರದು, ಪೇಶಂಟಿನ ಹೊಟ್ಟಿಗಿಂತ ಮ್ಯಾಲೂ ಹೋಗಬಾರದು, ಸ್ಟ್ರೆಚರ್ ಮ್ಯಾಲೆ ಒಯ್ಯೂ ಮುಂದ ಎದಿ ಮ್ಯಾಲೆ ಇಡತಾರ ನೋಡ್ರಿ, ಚೀಲದಾಗಿಂದು ವಾಪಸ್ ಒಳಗ ಹರೀತೈತಿ. ತಮ್ಮಾ, ಈಗ ಹೋಗಿ ನಿಮ್ಮ ಅಪ್ಪಾರ ಚೀಲ ಎಲ್ಲೈತಿ ನೋಡು.

ಉಣಕಲ್ ಮಗ:
ನೆಲದ ಮ್ಯಾಲೆ ಇತ್ತು ಅಕ್ಕಾರ. ಕಾಟಿಗೆ ಕಟ್ಟಿ ಬಂದೆ.

ಬೆಟಗೇರಿ ಮೆಡಿಕಲ್:
ಎಲ್ಲಾರೂ ಬೈದು ಮುಗಿಸಿದ ಮ್ಯಾಲೆ ಕಡೀಕ ನಮ್ಮ ಅಂಗಡಿ ಕಡೆ ಬರ್ತೀರಿ ಅಂತ ಗೊತ್ತೈತಿ, ಅದಕ್ಕ ನಾನ ಮೊದಲ ಬಂದೆ. ಗದಗ ಬೆಟಗೇರ್‍ಯಾಗ ನಂದು ಮೆಡಿಕಲ್ ಶಾಪ್. 2014ರ ಮಾರ್ಚಿಂದ ಹೆಚ್ ಒನ್ ರೂಲ್ ಬಂತು, ಲೆವೊಫ್ಲಾಕ್ಸಸಿನ್, ಮೆರೊಪೆನೆಮ್ ಇಂಥಾವು ಕೊಟ್ರ ಬ್ಯಾರೆ ರಜಿಸ್ಟರಿನ್ಯಾಗ ಡಾಕ್ಟರ್ ಹೆಸರು, ಪೇಶಂಟ್ ಹೆಸರು, ಎಷ್ಟು ಕೊಟ್ವಿ ಅಂತ ಬರೀಬೇಕು, ಮೂರ ವರ್ಷ ಇಡಬೇಕು. ನಾ ಬರೀತೀನಿ. ಬರೀದ ಬಿಟ್ಟಿದ್ದೂ ಐತಿ ಅಂತ ಒಪ್ಪತೀನಿ, ಸುರೂದಾಗ ತಪ್ಪು ಮಾಡೇನಿ.

ಗಿರಾಕಿ ಹೆಂಗ ಕೇಳ್ತಾರ ಗೊತ್ತೇನ್ರಿ? ಅಣ್ಣಾ, ಮೈ ಕೈ ನೂಸ್ತೈತಿ, ಮೂಗ ಸೋರ್ತೈತಿ, ಹೈ ಪವರ್ ಎರಡ ಗುಳಗಿ ಕೊಡು, ನಾಳೆ ಶೇಂಗಾ ಕೀಳಾಕ ಹೋಗಬೇಕು. ಇಲ್ಲ ತಂಗಿ, ನೆಗಡಿ ವೈರಸ್ಸಿಂದು, ಆ್ಯಂಟಿಬಯೋಟಿಕ್ ಅದಕ್ಕ ಏನೂ ಮಾಡೂದಿಲ್ಲ ಅಂದ್ರ, ಕೊಡದಿದ್ರ ಬಿಡು ಬಾಜೂಕ ಕೊಡ್ತಾನ ಅಂತಾರ. ಮತ್ತ ಬಾಜೂದಾಂವ ಕೊಡ್ತಾನನೂ. ಡಾಕ್ಟರ್ ಫೀ, ಒಂದ ದಿನದ ಕೂಲಿ, ಬಸ್ ಚಾರ್ಜ್, ಎಲ್ಲಾ ಕೂಡಿಸಿದ್ರ ಅವರಿಗೆ ನನ್ನ ಎರಡ ಗುಳಗಿನ ಸಸ್ತಾ. ಇದಕ್ಕ ಬರೇ ರೂಲ್ ಮಾಡಿದ್ರ ಹತ್ತೂದಿಲ್ರಿ. ಗುಳಗಿ ಪಟ್ಟಿ ಮ್ಯಾಲೆ ಕೆಂಪು ಗೆರಿ ಹಾಕ್ಯಾರಲಾ, 2016ರಾಗ ಪ್ರಚಾರ ಸುರು ಮಾಡಿದ್ರು, ಡಾಕ್ಟರ್ ಚೀಟಿ ಇಲ್ಲದ ತಿನ್ನಬ್ಯಾಡ್ರಿ ಅಂತ. ಒಬ್ಬ ಗಿರಾಕಿ ನನಗ ಕೇಳಿದ, ಕೆಂಪು ಗೆರಿ ಇದ್ದದ್ದ ಕೊಡ್ರಿ, ಅದ ಸ್ಟ್ರಾಂಗ್ ಇರ್ತೈತಿ ಅಂತ.

ಸಪ್ತಾಪುರ ಪೀಜಿ:
ಹಹ್ಹಾ. ಪೆನಿಸಿಲಿನ್ ಕಂಡು ಹಿಡದ ಫ್ಲೆಮಿಂಗ್ 1945ರಾಗ ನೊಬೆಲ್ ತೊಗೊಂಡಾಗ ಮಾಡಿದ ಭಾಷಣದಾಗನ ಹೇಳಿದ್ದ, ಮುಂದ ಇದು ಅಂಗಡ್ಯಾಗ ಯಾರಿಗರ ಸಿಗೂ ಕಾಲ ಬರಬಹುದು, ತಿಳೀದಾಂವ ಕಮ್ಮಿ ಡೋಸ್ ತೊಗೊಂಡು ಕ್ರಿಮಿಗೆ ಪಾಠ ಕಲಸ್ತಾನ ಅನ್ನೋ ಅರ್ಥದಾಗ. ಬೆಟಗೇರಿ ಅಣ್ಣನ ಅಂಗಡಿ ಅವಗ ಆಗಲೇ ಕಂಡಿತ್ತು.

ಬ್ಯಾಡಗಿ ಮೆಣಸಿನಕಾಯಿ:
ನಡುವ ಬಾಯಿ ಹಾಕ್ತೇನಿ ಅಣ್ಣಾರ. ನಮ್ಮ ಎಮ್ಮಿಗೆ ಕೆಚ್ಚಲ ಬಾವು ಆದಾಗ ಡಾಕ್ಟರು ಇಂಜಕ್ಷನ್ ಮಾಡಿ ಇಷ್ಟ ದಿನ ಹಾಲು ಡೇರಿಗೆ ಹಾಕಬ್ಯಾಡ್ರಿ ಅಂದಿದ್ರು, ಯಾಕಂತ ತಿಳೀಲಿಲ್ಲ, ಸುಮ್ನ ಚೆಲ್ಲಿದ್ವಿ. ಅದೂ ಇದ ಸುದ್ದಿ ಏನು? ಮತ್ತ ಕೋಳಿ ಫಾರ್ಮಿನ್ಯಾಗ ಕೊಲಿಸ್ಟಿನ್ ಹಾಕ್ತಾರ ಅಂತ ಕೇಳಿದ್ದೆ, ಈಗ ಇಲ್ಲಿ ಅದ ಹೆಸರು ನೋಡಿ ಎದಿ ಧಸಕ್ ಅಂತು.

ಸಪ್ತಾಪುರ ಪೀಜಿ:
ಹಾಲಿನ್ಯಾಗ ಔಷಧದ ಅಂಶ ಉಳೀತದ ಅದಕ್ಕ ಚೆಲ್ಲಬೇಕು, ಚೆಲ್ಲಿದ್ದು ಚಲೋ ಮಾಡಿದ್ರಿ. ಕೊಲಿಸ್ಟಿನ್ ವಿಚಾರ ನೀವು ಕೇಳಿದ್ದು ಖರೇನ, ಕೋಳಿ ಲಗೂನ ತೂಕ ಬರ್ಲಿ ಅಂತ ಮೇವಿನ್ಯಾಗ ಹಾಕ್ತಿದ್ರು. 2019ರಾಗ ಸೆಂಟ್ರಲ್ ಗೌರ್ಮೆಂಟ್ ಅದನ್ನ ಬಂದ್ ಮಾಡ್ತು, ಆಹಾರಕ್ಕ ಸಾಕೂ ಪ್ರಾಣಿ, ಕೋಳಿ, ಮೀನು ಯಾವುದಕ್ಕೂ ಕೊಡಂಗಿಲ್ಲ. ಮನಷ್ಯಾರಿಗೆ ಉಳದ ಕಡೀ ಔಷಧಾನ ಕೋಳಿ ದಪ್ಪ ಮಾಡಾಕ ಬಳಸಿದ್ವಿ ಅನ್ನೋದನ್ನ ಮುಂದಿನ ಮಂದಿ ನಂಬಂಗಿಲ್ಲ.

ಖರೇ ಮಾತು:
ಸರಿ ಒಪ್ಪಿದೆ. ಹಂಗಿದ್ರ ಕೋರ್ಸ್ ಪೂರ್ತಿ ಮಾಡ್ರಿ, ಅರ್ಧಕ್ಕ ಬಿಟ್ರ ಕ್ರಿಮಿ ಗಟ್ಟಿ ಆಗ್ತಾವ ಅಂತಾರಲಾ, ಅದರ ಖರೇನೋ ಇಲ್ಲೋ? ನಮ್ಮ ಮನ್ಯಾಗ ಮೂರನೇ ದಿನಕ್ಕ ಆರಾಮ ಅನಿಸಿದ್ರ ಬಿಡ್ತೀವಿ.

ಸಪ್ತಾಪುರ ಪೀಜಿ:
ಇದು ಅಷ್ಟ ಸರಳ ಇಲ್ಲ. ಟಿಬಿ ಇದ್ರ ಆರು ತಿಂಗಳು ಅಂದ್ರ ಆರು ತಿಂಗಳು, ಒಂದ ದಿನ ತಪ್ಪಬಾರದು, ಅಲ್ಲಿ ಅರ್ಧಕ್ಕ ಬಿಟ್ಟೋರಿಂದನ ದೊಡ್ಡ ಅನಾಹುತ ಆಗೇತಿ. ಆದ್ರ ಉಳದ ಭಾಳಷ್ಟು ಇನ್‌ಫೆಕ್ಷನ್‌ನ್ಯಾಗ ಈಗ ಲೆಕ್ಕ ಬದಲಾಗೇದ, ಮೊದಲ ಹತ್ತ ಹದಿನಾಕ ದಿನ ಕೊಡ್ತಿದ್ದ ಕಡೆ ಐದ ಏಳ ದಿನ ಸಾಕು ಅಂತ ಟ್ರಯಲ್ ಮಾಡಿ ತೋರಿಸ್ಯಾರ. ಯಾಕಂದ್ರ ಔಷಧ ಬರೇ ರೋಗದ ಕ್ರಿಮೀನ ಹುಡುಕಿ ಹೊಡಿಯೂದಿಲ್ಲ, ಕರುಳಿನ್ಯಾಗ ಇರೂ ಕೋಟಿಗಟ್ಲೆ ಸಾದಾ ಕ್ರಿಮಿ ಮ್ಯಾಲೂ ಬೀಳ್ತದ. ಅವು ಸತ್ತು ಜಾಗಾ ಖಾಲಿ ಆದ್ರ, ಔಷಧಕ್ಕ ಜಗ್ಗದ ಎರಡ ಮೂರು ಇದ್ವಲಾ, ಅವ ಬಂದು ಮನಿ ಮಾಡ್ತಾವ. ಎಲ್ಲಾ ಅನುಕೂಲ ಸಿಕ್ರ ಒಂದ ಕ್ರಿಮಿ ಇಪ್ಪತ್ತ ನಿಮಿಷಕ್ಕ ಎರಡಾಗಬಹುದು, ನೀವು ಒಂದ ನಿದ್ದಿ ಮಾಡಿ ಏಳೂದ್ರಾಗ ಅದರ ವಂಶ ಓಣಿ ತುಂಬಿರ್ತದ. ಹಂಗಾಗಿ ಬ್ಯಾಡದ ದಿನ ತಿಂದ್ರೂ ತ್ರಾಸನ. ನೀವಾಗೇ ನಿಲ್ಲಿಸಬ್ಯಾಡ್ರಿ, ಡಾಕ್ಟರಿಗೆ ಫೋನ್ ಹಚ್ಚಿ ಆರಾಮಾತು, ಇನ್ನೆಷ್ಟ ದಿನ ಅಂತ ಕೇಳ್ರಿ. ಕೇಳೂದ್ರಾಗ ಮರ್ಯಾದಿ ಹೋಗೂದಿಲ್ಲ.

ಬೆಟಗೇರಿ ಮೆಡಿಕಲ್:
ಮತ್ತ ಬಿಟ್ಟ ಗುಳಗಿ ಏನ್ಮಾಡ್ತಾರ ಹೇಳ್ಲೇನು? ದೇವರ ಜಗಲಿ ಮ್ಯಾಲೆ ಬಿಸ್ಕೀಟ್ ಡಬ್ಬಿನ್ಯಾಗ. ಆರ ತಿಂಗಳ ಬಿಟ್ಟು ಸೊಸಿಗೆ ಜ್ವರ ಬಂದ್ರ ಅತ್ತಿ ಅದನ್ನ ತಗದು ಕೊಡ್ತಾಳ.

ಉಣಕಲ್ ಮಗ:
ನಾಕ ದಿನದ ಮ್ಯಾಲೆ ಬರಿಯಾಕತ್ತೇನಿ. ಪೀಜಿ ಅಣ್ಣ ಹೇಳಿದ್ದು ಎರಡೂ ಕೇಳಿದೆ. ಡಾಕ್ಟರ್ ಸಿಟ್ಟಾಗ್ತಾರ ಅನ್ಕೊಂಡಿದ್ದೆ, ಆಗಲಿಲ್ಲ, ಕುರ್ಚಿ ಎಳಕೊಂಡು ಕುಂತು ಹೇಳಿದ್ರು. ರಕ್ತದಾಗ ಏನೂ ಬೆಳದಿಲ್ಲ. ಹಳೇ ಪೈಪ್ ತಗದು ಹೊಸಾದು ಹಾಕಿ ಅದರಾಗಿಂದ ಮತ್ತ ಉಚ್ಚಿ ಕಳಿಸಿದ್ರು, ಅದ ಕ್ಲೆಬ್ಸಿಯೆಲ್ಲಾ ಬಂತು, ಉರಿನೂ ಇತ್ತು, ಅಂದ್ರ ಇದು ಖರೇ ಇನ್‌ಫೆಕ್ಷನ್ ಅಂದ್ರು. ಅಪ್ಪನ ಕ್ರಿಯಾಟಿನಿನ್ ಏರಿತ್ತು, ಅದಕ್ಕ ಕೊಲಿಸ್ಟಿನ್ ಬ್ಯಾಡ ಅಂತ ಎರಡು ಬ್ಯಾರೆ ಇಂಜಕ್ಷನ್ ಜೋಡಿಲೆ ಸುರು ಮಾಡ್ಯಾರ, ಸೆಫ್ಟಾಜಿಡಿಮ್ ಅವಿಬ್ಯಾಕ್ಟಮ್ ಅಂತ ಒಂದು, ಆಜ್ಟ್ರಿಯೋನಾಮ್ ಅಂತ ಇನ್ನೊಂದು. ಬಿಲ್ ನೋಡಿ ಅವ್ವ ಸುಮ್ಮನಾದ್ಳು, ಆಕೀ ಹತ್ರ ಇದ್ದ ಎರಡ ಬಳಿ ಬ್ಯಾಂಕಿಗೆ ಹೋದ್ವು. ನಿನ್ನೆ ರಾತ್ರಿ ಉರಿ ಬಂದಿಲ್ಲ. ಜೋಳದ ರೊಟ್ಟಿ ಬೇಡಿದ, ಗಂಜಿ ಕೊಟ್ವಿ.

ಎರಡ ಔಷಧ ಯಾಕ ಬೇಕಂತ ತಿಳೀಲಿಲ್ಲ, ರಿಪೋರ್ಟಿನ್ಯಾಗ ಆಜ್ಟ್ರಿಯೋನಾಮ್‌ಗೂ ಆರ್ ಅಂತ ಇತ್ತಲಾ?

ಸಪ್ತಾಪುರ ಪೀಜಿ:
ಚಲೋ ಪ್ರಶ್ನೆ. ಎನ್‌ಡಿಎಂ ಅನ್ನೋ ಕತ್ತರಿಗೆ ಆಜ್ಟ್ರಿಯೋನಾಮ್ ಕತ್ತರಿಸಾಕ ಬರೂದಿಲ್ಲ. ಆದ್ರ ಅದ ಕ್ರಿಮಿ ಹತ್ರ ಬ್ಯಾರೆ ಸಣ್ಣ ಕತ್ತರಿಗೋಳು ಇರ್ತಾವ, ಅವು ಆಜ್ಟ್ರಿಯೋನಾಮ್‌ನ ಕತ್ತರಿಸ್ತಾವ, ಅದಕ್ಕ ಒಂದ ಕೊಟ್ರ ಆರ್. ಅವಿಬ್ಯಾಕ್ಟಮ್ ಏನ್ಮಾಡ್ತದ, ಆ ಸಣ್ಣ ಕತ್ತರಿಗೋಳ ಬಾಯಿ ಕಟ್ಟತದ. ಆಗ ಆಜ್ಟ್ರಿಯೋನಾಮ್ ಒಳಗ ನುಗ್ಗಿ ತನ್ನ ಕೆಲಸಾ ಮಾಡ್ತದ. ಒಬ್ಬಾಂವ ನಾಯಿ ಹಿಡಕೊಂಡ, ಇನ್ನೊಬ್ಬಾಂವ ಮನಿ ಹೊಕ್ಕ.

ಉಣಕಲ್ ಮಗ:
ಇನ್ನೊಂದು ಬರೀಬೇಕು. ಮೂರ ತಿಂಗಳಾಗ ಏನೇನು ಆ್ಯಂಟಿಬಯೋಟಿಕ್ ತಿಂದಾರ ಅಂತ ಡಾಕ್ಟರ್ ಕೇಳಿದ್ರು. ಏನಿಲ್ಲ ಅಂತ ಹೇಳಿ ಬಂದೆ. ಮನೀಗೆ ಬಂದು ಬೆಟಗೇರಿ ಅಣ್ಣ ಬರದಿದ್ದು ನೆನಪಾಗಿ ಜಗಲಿ ಮ್ಯಾಲಿನ ಡಬ್ಬಿ ತಗದೆ. ಅಜಿಥ್ರೊಮೈಸಿನ್ ಮೂರರಾಗ ಒಂದು ಉಳದಿತ್ತು, ಸಿಪ್ರೊಫ್ಲಾಕ್ಸಸಿನ್ ಪಟ್ಟಿ ಅರ್ಧಾ, ಸೆಫಿಕ್ಸಿಮ್ ನಾಕು, ಮತ್ತೊಂದು ಹೆಸರ ಅಳಸಿ ಹೋಗಿದ್ದು. ಎರಡು ನಾನ ತಂದು ಕೊಟ್ಟಿದ್ದೆ, ಆಫೀಸಿಂದ ಬರೂ ಮುಂದ, ಗಾಡಿ ಮ್ಯಾಲಿಂದ ಇಳೀದನ. ಫೋಟೋ ಹೊಡದು ಡಾಕ್ಟರಿಗೆ ಕಳಿಸಿದೆ. ಕಾಕಾ ನೋಡಿದ, ಏನೂ ಅನ್ನಲಿಲ್ಲ.

ನೈಟ್ ಡ್ಯೂಟಿ ಅಕ್ಕ:
ಅದನ್ನ ಮನಸಿಗೆ ಹಚ್ಕೋಬ್ಯಾಡ ತಮ್ಮಾ. ಇಂಥಾ ಕ್ರಿಮಿ ಹೆಚ್ಚಾಗಿ ದವಾಖಾನ್ಯಾಗ ಹತ್ತೂದು, ಯಾರ ಕೈಯಿಂದ ಬಂತು ಅಂತ ಹೇಳಾಕ ಬರೂದಿಲ್ಲ. ನನ್ನ ಕೈನೂ ಇರಬಹುದು. ಪೈಪ್ ತಗಿಯೂದು ಯಾವಾಗ ಅಂತ ದಿನಾ ಮುಂಜಾನೆ ರೌಂಡ್ಸಿಗೆ ಬಂದಾಗ ಕೇಳು, ನೀ ಕೇಳದಿದ್ರ ಮರೀತೀವಿ.

ಉಣಕಲ್ ಮಗ:
ಇವತ್ತ ಕೇಳಿದೆ ಅಕ್ಕಾರ, ನಾಡದ್ದ ತಗೀತಾರಂತ. ಮನೀಗೆ ಬಂದ ಮ್ಯಾಲೆ ಮತ್ತ ಉರಿ ಬಂದ್ರ ಉಚ್ಚಿ ಟೆಸ್ಟಿಗೆ ಕೊಡಬೇಕು ಅಂದಾರ. ಪ್ಲೇಟ್ ಅಣ್ಣಾರ, ಅದನ್ನ ಹೆಂಗ ಹಿಡಿಬೇಕು ಹೇಳ್ರಿ, ಮತ್ತ ತಪ್ಪು ರಿಪೋರ್ಟ್ ಬರೂದು ಬ್ಯಾಡ.

ಪ್ಲೇಟ್ ನೋಡಾಂವ:
ಗುಳಗಿ ಸುರು ಮಾಡೂಕಿಂತ ಮೊದಲ ಕೊಡ್ರಿ, ಒಂದ ಡೋಸ್ ಬಿದ್ದ ಮ್ಯಾಲೆ ನಮಗ ಏನೂ ಬೆಳೀದಿರಬಹುದು. ನೀರ ಹಾಕಿ ತೊಳ್ಕೊಂಡು, ಮೊದಲಿಂದು ಸ್ವಲ್ಪ ಬಿಟ್ಟು ನಡುವಿಂದು ಹಿಡೀರಿ. ಎರಡ ತಾಸಿನ್ಯಾಗ ಲ್ಯಾಬಿಗೆ ಮುಟ್ಟಬೇಕು, ಆಗದಿದ್ರ ಫ್ರಿಜ್ಜಿನ್ಯಾಗ ಇಡ್ರಿ, ಟ್ರಾಫಿಕ್ಕಿನ್ಯಾಗ ಬಿಸಲಾಗ ಗಾಡಿ ಡಿಕ್ಕಿನ್ಯಾಗ ಇಟ್ಕೊಂಡು ಬಂದ್ರ ಹತ್ತ ಕ್ರಿಮಿ ಹತ್ತ ಲಕ್ಷ ಆಗಿ ಬಂದಿರ್ತಾವ. ಡಬ್ಬಿ ಲ್ಯಾಬಿಂದನ ಒಯ್ರಿ, ಸೀಲ್ ಇದ್ದದ್ದು. ಉಪ್ಪಿನಕಾಯಿ ಬಾಟ್ಲಿ ತೊಳದು ತರಬ್ಯಾಡ್ರಿ. ಹೋದ ವಾರ ಒಬ್ರು ತಂದಿದ್ರು, ತಳದಾಗ ಸಾಸಿವಿ ಇನ್ನೂ ಇತ್ತು.